ಲಸಿಕೆ ಕಡ್ಡಾಯ ಮಾಡುವ ಹಕ್ಕು ಸರ್ಕಾರಕ್ಕೆ ಯಾವಾಗ ಬರುತ್ತದೆ?

1902ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್ ನಗರದಲ್ಲಿ ಸಿಡುಬು ಹರಡುತ್ತಿತ್ತು. ಕಳೆದ ಐದು ವರ್ಷದಲ್ಲಿ ಲಸಿಕೆ ಹಾಕಿಸಿಕೊಳ್ಳದವರೆಲ್ಲ ಈಗ ಹಾಕಿಸಿಕೊಳ್ಳಲೇಬೇಕು ಎಂದು ನಗರದ ಆರೋಗ್ಯ ಮಂಡಳಿ ಆದೇಶ ಹೊರಡಿಸಿತು. ಹೆನ್ನಿಂಗ್ ಜೇಕಬ್ಸನ್ ಎಂಬ ಪಾದ್ರಿ ಒಪ್ಪಲಿಲ್ಲ. ಚಿಕ್ಕಂದಿನಲ್ಲಿ ಸ್ವೀಡನ್‌ನಲ್ಲಿ ಹಾಕಿಸಿದ ಲಸಿಕೆಯಿಂದ ತಾನು ತುಂಬಾ ನರಳಿದ್ದೆ, ತನ್ನ ಮಗನಿಗೂ ತೊಂದರೆ ಆಗಿತ್ತು ಎನ್ನುವುದು ಅವರ ಮಾತು. ಐದು ಡಾಲರ್ ದಂಡ ಬಿತ್ತು. ದಂಡ ಕಟ್ಟುವ ಬದಲು ಅವರು ಕೋರ್ಟಿಗೆ ಹೋದರು. ಕೇಸು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 1905ರ ಫೆಬ್ರವರಿಯಲ್ಲಿ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಏಳು ಮಂದಿ ಅವರ ವಿರುದ್ಧ ತೀರ್ಪು ಕೊಟ್ಟರು.

ಕೊರೊನಾ ಲಸಿಕೆಯ ಜಗಳ ಶುರುವಾದಾಗ ಈ ಹಳೆಯ ತೀರ್ಪು ಮತ್ತೆ ಮುನ್ನೆಲೆಗೆ ಬಂತು. ಕಡ್ಡಾಯ ಬೇಕು ಎನ್ನುವವರು, ನೂರು ವರ್ಷದ ಹಿಂದೆಯೇ ಇದು ಇತ್ಯರ್ಥವಾಗಿದೆ ಎಂದರು. ಬೇಡ ಎನ್ನುವವರು, ಆ ಕಾಲವೇ ಬೇರೆ, ಆ ರೋಗವೇ ಬೇರೆ ಎಂದರು. ತೀರ್ಪನ್ನು ಪೂರ್ತಿ ಓದಿದರೆ ಅದರಲ್ಲಿ ಎರಡೂ ಕಡೆಯವರು ನಿಂತು ಯೋಚಿಸಬೇಕಾದ ಮಾತುಗಳಿವೆ. ಸ್ವಾತಂತ್ರ್ಯ ಅಂದರೆ ಯಾವ ಹೊತ್ತಿನಲ್ಲೂ ಯಾವ ಕಟ್ಟುಪಾಡೂ ಇಲ್ಲದಿರುವುದು ಎಂದರ್ಥವಲ್ಲ, ಜನರ ಜೀವಕ್ಕೆ ಕುತ್ತು ತರುವ ರೋಗದಿಂದ ಸಮುದಾಯ ತನ್ನನ್ನು ಕಾಪಾಡಿಕೊಳ್ಳಬಹುದು ಎಂದು ನ್ಯಾಯಮೂರ್ತಿ ಹಾರ್ಲನ್ ಬರೆದರು. ಅದೇ ತೀರ್ಪಿನಲ್ಲಿ, ಆದೇಶ ಮನಸ್ಸಿಗೆ ಬಂದ ಹಾಗೆ ಇರಬಾರದು, ಅಗತ್ಯಕ್ಕಿಂತ ಮುಂದೆ ಹೋಗಬಾರದು ಎಂದೂ ಬರೆದರು. ಒಬ್ಬರ ಮೈ ಲಸಿಕೆಯನ್ನು ತಾಳುವುದಿಲ್ಲ ಎಂಬುದು ಖಚಿತವಾಗಿದ್ದರೂ ಬಲವಂತ ಮಾಡುವುದು ಕ್ರೌರ್ಯ ಎಂದೂ ಸೇರಿಸಿದರು. ಇನ್ನೊಂದು ವಿಷಯ: ಜೇಕಬ್ಸನ್ ಅವರನ್ನು ಹಿಡಿದು ಯಾರೂ ಸೂಜಿ ಚುಚ್ಚಲಿಲ್ಲ. ಕಾನೂನು ಹೇಳಿದ್ದು ದಂಡ ಕಟ್ಟಿ ಎಂದಷ್ಟೇ.

ಸ್ವಾತಂತ್ರ್ಯ ದೊಡ್ಡದೋ ಜವಾಬ್ದಾರಿ ದೊಡ್ಡದೋ ಎಂದು ಕೇಳುತ್ತಾ ಕೂತರೆ ಈ ವಾದ ಮುಗಿಯುವುದೇ ಇಲ್ಲ. ಎರಡೂ ದೊಡ್ಡವೇ, ಅಲ್ವಾ? ನನಗೆ ದಾರಿ ತೋರಿಸುವ ಪ್ರಶ್ನೆ ಇದು: ಈ ಲಸಿಕೆ, ಈ ರೋಗಕ್ಕೆ, ಈ ಹೊತ್ತಿನಲ್ಲಿ, ನನ್ನಿಂದ ಪಕ್ಕದವರಿಗೆ ಆಗುವ ಅಪಾಯವನ್ನು ಎಷ್ಟು ತಗ್ಗಿಸುತ್ತದೆ? ಈ ಉತ್ತರ ಬದಲಾದ ಹಾಗೆಲ್ಲ ಸರ್ಕಾರ ನನ್ನನ್ನು ಎಷ್ಟು ಒತ್ತಾಯ ಮಾಡಬಹುದು ಎಂಬುದೂ ಬದಲಾಗಬೇಕು. ಒತ್ತಾಯ ಮಾಡಿದ ಮೇಲೆ ಸರ್ಕಾರದ ತಲೆಯ ಮೇಲೂ ಒಂದಷ್ಟು ಹೊಣೆ ಬೀಳುತ್ತದೆ. ಕೊರೊನಾ ಕಾಲದಲ್ಲಿ ಈ ಎರಡನ್ನೂ ಬಹಳ ಕಡೆ ಮರೆತರು ಎನ್ನುವುದು ನನ್ನ ಅಭಿಪ್ರಾಯ.

ಕಡ್ಡಾಯದಲ್ಲೂ ಮೆಟ್ಟಿಲುಗಳಿವೆ

ಕಡ್ಡಾಯ ಅಂದ ತಕ್ಷಣ ಕೈಕಾಲು ಹಿಡಿದು ಚುಚ್ಚುವ ಚಿತ್ರ ಕಣ್ಣ ಮುಂದೆ ಬರುತ್ತದೆ. ಕೊರೊನಾ ಕಾಲದ ನಿಯಮಗಳು ಬಹುಪಾಲು ಹಾಗಿರಲಿಲ್ಲ. ಗ್ರೀಸ್ 60 ದಾಟಿದವರಿಗೆ ಲಸಿಕೆ ಕಡ್ಡಾಯ ಮಾಡಿತು. ಹಾಕಿಸಿಕೊಳ್ಳದವರಿಗೆ 2022ರ ಜನವರಿಯಿಂದ ತಿಂಗಳಿಗೆ 100 ಯೂರೋ ದಂಡ ಇಟ್ಟಿತು. ಇಟಲಿ 50 ದಾಟಿದವರಿಗೆ ಕಡ್ಡಾಯ ಮಾಡಿತು. ಫ್ರಾನ್ಸ್ ಹಿಡಿದ ದಾರಿ ಬೇರೆ. 2021ರ ಜುಲೈ 12ರಂದು ಅಧ್ಯಕ್ಷ ಮ್ಯಾಕ್ರನ್ ಟಿವಿಯಲ್ಲಿ ಮಾತಾಡಿ, ಇನ್ನು ಮುಂದೆ ಹೋಟೆಲ್, ಸಿನಿಮಾ, ದೂರದ ರೈಲಿಗೆ ಆರೋಗ್ಯ ಪಾಸ್ ಬೇಕು ಎಂದರು. ಲಸಿಕೆ ಆಗಿರಬೇಕು, ಇಲ್ಲವೇ ನೆಗೆಟಿವ್ ವರದಿ ಇರಬೇಕು, ಇಲ್ಲವೇ ರೋಗ ಬಂದು ವಾಸಿಯಾದ ದಾಖಲೆ ಇರಬೇಕು. ಒಂದೇ ದಿನದಲ್ಲಿ 9 ಲಕ್ಷಕ್ಕೂ ಹೆಚ್ಚು ಜನ ಲಸಿಕೆಗೆ ಸಮಯ ಕಾಯ್ದಿರಿಸಿದರು. ಅದರ ಬೆನ್ನಲ್ಲೇ ಶನಿವಾರ ಬಂತೆಂದರೆ ಬೀದಿಗಳಲ್ಲಿ ಪ್ರತಿಭಟನೆ. ಒತ್ತಾಯ ಕೆಲಸ ಮಾಡುತ್ತದೆ, ಸಿಟ್ಟನ್ನೂ ಹುಟ್ಟಿಸುತ್ತದೆ. ಎರಡೂ ಒಂದೇ ವಾರದಲ್ಲಿ ಕಂಡವು.

ಎಲ್ಲಕ್ಕಿಂತ ಭಾರವಾದ ಮೆಟ್ಟಿಲು ಕೆಲಸದ್ದು. ಲಸಿಕೆ ಇಲ್ಲದಿದ್ದರೆ ನಾಳೆಯಿಂದ ಬರಬೇಡಿ ಎಂದು ಮಾಲೀಕರು ಹೇಳಿದರೆ ಅದು ದಂಡಕ್ಕಿಂತ ಎಷ್ಟೋ ಪಾಲು ದೊಡ್ಡ ಪೆಟ್ಟು. ದುಡ್ಡಿರುವವರು ದಂಡ ಕಟ್ಟಿ ತಮ್ಮ ಪಾಡಿಗೆ ಇರುತ್ತಾರೆ. ದಿನದ ದುಡಿಮೆ ನಂಬಿದವರಿಗೆ ಆ ಆಯ್ಕೆ ಇಲ್ಲ. ಹಾಗಾಗಿ ಕಾಗದದ ಮೇಲೆ 'ಸ್ವಇಚ್ಛೆ' ಎಂದು ಬರೆದಿದ್ದರೂ ಹೊಟ್ಟೆಪಾಡಿನ ಮೇಲೆ ಕೈಯಿಟ್ಟರೆ ಅದು ಒತ್ತಾಯವೇ. ಒಂದು ನಿಯಮ ಎಷ್ಟು ಕಠಿಣ ಎಂದು ಅಳೆಯುವಾಗ ಅದರ ಹೆಸರು ಬಿಟ್ಟು, ಒಪ್ಪದವರು ಏನು ಕಳೆದುಕೊಳ್ಳುತ್ತಾರೆ ಎಂದು ನೋಡಬೇಕು.

ಇದು ಹೊಸ ಅನುಭವವೂ ಅಲ್ಲ. ಇಂಗ್ಲೆಂಡ್ 1853ರಲ್ಲಿ ಶಿಶುಗಳಿಗೆ ಸಿಡುಬಿನ ಲಸಿಕೆ ಕಡ್ಡಾಯ ಮಾಡಿತು. ಮುಂದೆ 1867, 1871ರಲ್ಲಿ ಕಾನೂನು ಬಿಗಿಯಾಯಿತು. ಒಂದೇ ಮಗುವಿನ ವಿಷಯಕ್ಕೆ ಅಪ್ಪ ಅಮ್ಮನಿಗೆ ಮತ್ತೆ ಮತ್ತೆ ದಂಡ ಹಾಕಬಹುದಿತ್ತು. ಕಟ್ಟಲಾಗದ ಬಡವರ ಮನೆಯ ಸಾಮಾನು ಜಪ್ತಿಯಾಗುತ್ತಿತ್ತು, ಕೆಲವರು ಜೈಲಿಗೂ ಹೋದರು. 1885ರ ಮಾರ್ಚ್‌ನಲ್ಲಿ ಲೆಸ್ಟರ್ ಊರಿನಲ್ಲಿ ಹತ್ತಾರು ಸಾವಿರ ಜನ ಬೀದಿಗಿಳಿದರು. ಕೊನೆಗೆ 1898ರಲ್ಲಿ, ಮನಸ್ಸಾಕ್ಷಿ ಒಪ್ಪುವುದಿಲ್ಲ ಎನ್ನುವವರಿಗೆ ವಿನಾಯಿತಿ ಕೊಡುವ ಕಾನೂನು ಬಂತು. ಲೆಸ್ಟರ್‌ನವರು ಲಸಿಕೆ ಬೇಡ ಎಂದು ಸುಮ್ಮನೆ ಕೂರಲಿಲ್ಲ ಎಂಬುದನ್ನೂ ಹೇಳಬೇಕು. ರೋಗಿ ಕಂಡ ಕೂಡಲೇ ವರದಿ ಮಾಡುವುದು, ಬೇರೆ ಇರಿಸುವುದು, ಅವರ ಒಡನಾಟದಲ್ಲಿದ್ದವರ ಮೇಲೆ ನಿಗಾ ಇಡುವುದು, ಇದನ್ನೆಲ್ಲ ಶ್ರದ್ಧೆಯಿಂದ ಮಾಡಿದರು. ಬೇಡ ಎನ್ನುವ ಹಕ್ಕಿನ ಜೊತೆ ಒಂದು ಕೆಲಸವೂ ಬರುತ್ತದೆ ಎಂದು ಅವರಿಗೆ ಗೊತ್ತಿತ್ತು.

ಯಾರ ಅಪಾಯ, ಯಾರ ಮೇಲೆ?

ಜಾನ್ ಸ್ಟುವರ್ಟ್ ಮಿಲ್ ಎಂಬ ಇಂಗ್ಲಿಷ್ ಚಿಂತಕ 1859ರಲ್ಲಿ ಒಂದು ಗೆರೆ ಎಳೆದರು. ಒಬ್ಬರ ಇಷ್ಟಕ್ಕೆ ವಿರುದ್ಧವಾಗಿ ಅವರ ಮೇಲೆ ಅಧಿಕಾರ ಚಲಾಯಿಸಬೇಕಾದರೆ ಒಂದೇ ಕಾರಣ ಸಾಕಷ್ಟು ಬಲವಾದದ್ದು: ಬೇರೆಯವರಿಗೆ ಆಗುವ ಕೆಡುಕನ್ನು ತಡೆಯುವುದು. ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂಬ ಕಾರಣ ಸಾಲದು. ಬುದ್ಧಿ ಹೇಳಬಹುದು, ಬೇಡಿಕೊಳ್ಳಬಹುದು, ಒತ್ತಾಯ ಮಾಡುವಂತಿಲ್ಲ. ಹೆಲ್ಮೆಟ್ ಹಾಕದೆ ಬೈಕ್ ಓಡಿಸುವವರಿಗೂ ಬ್ರೇಕ್ ಇಲ್ಲದ ಬೈಕ್ ಓಡಿಸುವವರಿಗೂ ಇರುವ ವ್ಯತ್ಯಾಸ ಇದು. ಮೊದಲಿನವರು ಕಳೆದುಕೊಳ್ಳುವುದು ತಮ್ಮ ತಲೆ. ಎರಡನೆಯವರು ರಸ್ತೆಯಲ್ಲಿರುವ ಎಲ್ಲರ ಜೀವದ ಜೊತೆ ಆಡುತ್ತಾರೆ.

ಲಸಿಕೆಯ ತೊಡಕು ಏನೆಂದರೆ ಅದು ಎರಡೂ ಹೌದು. ನನ್ನನ್ನೂ ಕಾಯುತ್ತದೆ, ನನ್ನಿಂದ ಬೇರೆಯವರನ್ನೂ ಕಾಯುತ್ತದೆ. ಯಾವುದು ಎಷ್ಟು ಪಾಲು ಎನ್ನುವುದು ಲಸಿಕೆಯಿಂದ ಲಸಿಕೆಗೆ ಬೇರೆ. ಟೆಟನಸ್ ಒಬ್ಬರಿಂದ ಒಬ್ಬರಿಗೆ ಹರಡುವುದೇ ಇಲ್ಲ. ಅದರ ಚುಚ್ಚುಮದ್ದು ಪೂರ್ತಿ ನಮ್ಮ ರಕ್ಷಣೆಗೆ. ದಡಾರ ಅದರ ಇನ್ನೊಂದು ತುದಿಯಲ್ಲಿದೆ.

ದಡಾರದ ಲೆಕ್ಕವನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಯಾಕೆಂದರೆ ಇಡೀ ವಾದದ ಕೀಲಿ ಇಲ್ಲಿದೆ. ಯಾರಿಗೂ ರೋಗನಿರೋಧಕ ಶಕ್ತಿ ಇಲ್ಲದ ಕಡೆ ಒಬ್ಬ ದಡಾರದ ರೋಗಿ 12ರಿಂದ 18 ಜನಕ್ಕೆ ರೋಗ ಹಂಚುತ್ತಾನೆ. 15 ಎಂದು ಇಟ್ಟುಕೊಳ್ಳಿ. ಆ 15 ಜನರಲ್ಲಿ 14 ಜನರಿಗೆ ಮೊದಲೇ ಶಕ್ತಿ ಬಂದಿದ್ದರೆ ರೋಗ ಹತ್ತುವುದು ಒಬ್ಬರಿಗೆ ಮಾತ್ರ. ಅದಕ್ಕಿಂತ ಇನ್ನಷ್ಟು ಜನರಿಗೆ ಶಕ್ತಿ ಬಂದರೆ ಸರಪಳಿ ತಾನೇ ಕಡಿಯುತ್ತದೆ. ಹದಿನೈದರಲ್ಲಿ ಹದಿನಾಲ್ಕು ಅಂದರೆ ಶೇ 93. ಎರಡು ಡೋಸ್ ದಡಾರ ಲಸಿಕೆ 100ರಲ್ಲಿ ಸುಮಾರು 97 ಜನರಿಗೆ ರಕ್ಷಣೆ ಕೊಡುತ್ತದೆ. ಇದನ್ನೆಲ್ಲ ಕೂಡಿಸಿ ನೋಡಿದರೆ ಶೇ 95ರಷ್ಟು ಮಕ್ಕಳಿಗಾದರೂ ಲಸಿಕೆ ಆಗಿರಬೇಕು ಎಂದು ಆರೋಗ್ಯ ಇಲಾಖೆಗಳು ಯಾಕೆ ಪಟ್ಟು ಹಿಡಿಯುತ್ತವೆ ಎಂದು ಗೊತ್ತಾಗುತ್ತದೆ. ಹರ್ಡ್ ಇಮ್ಯುನಿಟಿ ಅನ್ನುವುದು ಇದನ್ನೇ. ಇಲ್ಲಿ ಪ್ರತಿ ಕುಟುಂಬದ ತೀರ್ಮಾನವೂ ಪಕ್ಕದ ಮನೆಯ ಕೂಸಿಗೆ ತಟ್ಟುತ್ತದೆ. ಲಸಿಕೆ ಹಾಕುವ ವಯಸ್ಸು ಆ ಕೂಸಿಗೆ ಇನ್ನೂ ಬಂದಿರುವುದಿಲ್ಲ.

ಅದಕ್ಕೇ 2021ರ ಏಪ್ರಿಲ್ 8ರಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಚೆಕ್ ಗಣರಾಜ್ಯದ ಮಕ್ಕಳ ಲಸಿಕೆ ಕಾನೂನನ್ನು 16–1 ಬಹುಮತದಿಂದ ಎತ್ತಿಹಿಡಿದಾಗ ನನಗೆ ಅದು ಸರಿ ಅನ್ನಿಸಿತು. ಅಲ್ಲಿ ಒಂಬತ್ತು ರೋಗಗಳ ಲಸಿಕೆ ಕಡ್ಡಾಯ. ಹಾಕಿಸದ ಹೆತ್ತವರಿಗೆ ದಂಡ, ಮಗುವಿಗೆ ಶಿಶುವಿಹಾರದಲ್ಲಿ ಪ್ರವೇಶ ಇಲ್ಲ. ಬಲವಂತವಾಗಿ ಚುಚ್ಚುವುದಿಲ್ಲ. ಆ ಲಸಿಕೆಗಳಿಗೆ ದಶಕಗಳ ಅನುಭವವಿತ್ತು. ಅದೇ ತೀರ್ಪನ್ನು ಕೊರೊನಾ ಲಸಿಕೆಗೂ ಹಾಗೇ ಅನ್ವಯಿಸಬಹುದು ಎಂದು ಕೆಲವರು ಹೇಳಿದಾಗ ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ.

ಲೆಕ್ಕ ಬದಲಾಯಿತು, ನಿಯಮ ಬದಲಾಗಲಿಲ್ಲ

2020ರ ಕೊನೆಯಲ್ಲಿ ಫೈಜರ್, ಮಾಡರ್ನಾ ಲಸಿಕೆಗಳ ಪ್ರಯೋಗದ ಫಲಿತಾಂಶ ಬಂದಾಗ ರೋಗಲಕ್ಷಣ ಕಾಣಿಸುವ ಕೊರೊನಾವನ್ನು ಅವು ಶೇ 95ರ ಆಸುಪಾಸು ತಡೆಯುತ್ತವೆ ಎಂದು ಕಂಡಿತ್ತು. ಮೂಲ ವೈರಸ್ ಒಬ್ಬರಿಂದ ಎರಡು ಮೂರು ಜನಕ್ಕೆ ಹರಡುತ್ತಿತ್ತು. ಮೇಲಿನ ಲೆಕ್ಕವನ್ನೇ ಹಾಕಿದರೆ ಮೂರರಲ್ಲಿ ಎರಡು ಪಾಲು ಜನಕ್ಕೆ ಶಕ್ತಿ ಬಂದರೆ ಸಾಕು ಅನ್ನಿಸುತ್ತಿತ್ತು. ಆಗ ಆ ಆಸೆ ಹುಟ್ಟಿದ್ದು ಸಹಜ. ಆದರೆ ಆ ಪ್ರಯೋಗಗಳು ಮುಖ್ಯವಾಗಿ ಅಳೆದದ್ದು, ಲಸಿಕೆ ಪಡೆದವರು ಕಾಯಿಲೆ ಬೀಳುತ್ತಾರಾ ಎಂಬುದನ್ನು. ಅವರಿಂದ ಬೇರೆಯವರಿಗೆ ಹರಡುತ್ತದಾ ಎಂಬುದನ್ನು ಅಳೆಯಲು ಅವನ್ನು ರೂಪಿಸಿರಲಿಲ್ಲ.

ಮುಂದೆ ಡೆಲ್ಟಾ ಬಂತು. 2021ರ ನವೆಂಬರ್ 26ರಂದು ವಿಶ್ವ ಆರೋಗ್ಯ ಸಂಸ್ಥೆ ಇನ್ನೊಂದು ರೂಪಾಂತರಿಗೆ ಒಮಿಕ್ರಾನ್ ಎಂದು ಹೆಸರಿಟ್ಟಿತು. ಎರಡು ಡೋಸ್ ಆದವರಿಗೂ ಸೋಂಕು ತಗಲಿತು, ಅವರಿಂದ ಬೇರೆಯವರಿಗೂ ಹರಡಿತು. ಸೋಂಕಿನ ವಿರುದ್ಧ ಲಸಿಕೆ ಕೊಡುತ್ತಿದ್ದ ರಕ್ಷಣೆ ತಿಂಗಳುಗಳಲ್ಲೇ ಇಳಿಯಿತು. ಆದರೆ ಸಾವು ಮತ್ತು ಗಂಭೀರ ಕಾಯಿಲೆಯ ವಿರುದ್ಧ ಕೊಡುತ್ತಿದ್ದ ರಕ್ಷಣೆ ಗಟ್ಟಿಯಾಗಿಯೇ ಉಳಿಯಿತು. ಈ ಎರಡು ಮಾತನ್ನೂ ಒಟ್ಟಿಗೆ ಹಿಡಿದುಕೊಳ್ಳಬೇಕು. ಮೊದಲನೆಯದನ್ನು ಮಾತ್ರ ಹಿಡಿದವರು ಲಸಿಕೆ ಕೆಲಸಕ್ಕೇ ಬಾರದು ಎಂದರು. ಅದು ತಪ್ಪು. ವಯಸ್ಸಾದವರಿಗೆ ಅದು ಜೀವ ಉಳಿಸುವ ಮದ್ದಾಗಿತ್ತು. ಎರಡನೆಯದನ್ನು ಮಾತ್ರ ಹಿಡಿದವರು, ಹಾಗಾದರೆ ಎಲ್ಲರಿಗೂ ಕಡ್ಡಾಯ ಇರಲಿ ಎಂದರು. ಅದೂ ಸರಿಹೊಂದುವುದಿಲ್ಲ. ನನ್ನನ್ನು ಕಾಯುವ ಪಾಲು ಹಾಗೇ ಉಳಿದು, ಬೇರೆಯವರನ್ನು ಕಾಯುವ ಪಾಲು ಕರಗುತ್ತಾ ಹೋದಾಗ ಒತ್ತಾಯದ ಬುಡವೂ ಸಡಿಲವಾಗುತ್ತದೆ.

ಆಸ್ಟ್ರಿಯಾದಲ್ಲಿ ಇದು ಕಣ್ಣೆದುರೇ ನಡೆಯಿತು. 18 ದಾಟಿದ ಎಲ್ಲರಿಗೂ ಲಸಿಕೆ ಕಡ್ಡಾಯ ಎಂಬ ಕಾನೂನನ್ನು ಅಲ್ಲಿ 2021ರ ಕೊನೆಯ ಅಲೆಯ ಹೊತ್ತಿಗೆ ಯೋಚಿಸಿದರು. ಸಂಸತ್ತು 2022ರ ಜನವರಿ 20ರಂದು ಅಂಗೀಕರಿಸಿತು. ಫೆಬ್ರವರಿ 5ರಿಂದ ಜಾರಿ. ದಂಡ 3,600 ಯೂರೋವರೆಗೆ. ಅಷ್ಟರಲ್ಲಿ ಒಮಿಕ್ರಾನ್ ಎಲ್ಲ ಕಡೆ ಹರಡಿತ್ತು. ದಂಡ ಹಾಕುವುದು ಮಾರ್ಚ್ ಮಧ್ಯದಿಂದ ಶುರುವಾಗಬೇಕಿತ್ತು. ಅದಕ್ಕೂ ಮೊದಲೇ, ಮಾರ್ಚ್ 9ರಂದು, ಸರ್ಕಾರ ಕಾನೂನನ್ನು ತಡೆಹಿಡಿಯಿತು. ಈಗ ಇರುವ ರೂಪಾಂತರಿಗೆ ಈ ಮಟ್ಟದ ನಿರ್ಬಂಧ ಸರಿಹೊಂದುವುದಿಲ್ಲ ಎಂದಿತು. ಜೂನ್‌ನಲ್ಲಿ ಕಾನೂನನ್ನೇ ಕೈಬಿಡುವುದಾಗಿ ಘೋಷಿಸಿತು. ಇದನ್ನು ಸೋಲು ಎಂದು ಆಡಿಕೊಂಡವರು ಬಹಳ. ನಾನು ಬೇರೆ ರೀತಿ ನೋಡುತ್ತೇನೆ. ಕಾನೂನಿನೊಳಗೇ ಆಗಾಗ ತಜ್ಞರಿಂದ ಪರಿಶೀಲನೆ ಮಾಡಿಸುವ ಏರ್ಪಾಡು ಇತ್ತು. ಅದು ಇದ್ದದ್ದರಿಂದಲೇ ಹಿಂದೆ ಸರಿಯಲು ದಾರಿ ಸಿಕ್ಕಿತು. ಇಂಥ ಏರ್ಪಾಡು ಇಲ್ಲದ ಕಡೆ, ಕಾರಣ ಸತ್ತ ಮೇಲೂ ನಿಯಮ ಬದುಕಿರುತ್ತದೆ.

ಆಸ್ಪತ್ರೆಯ ಹಾಸಿಗೆಯ ವಾದ

ಹರಡುವುದನ್ನು ತಡೆಯದಿದ್ದರೂ ಕಡ್ಡಾಯ ಸರಿ ಎನ್ನುವವರ ಬಳಿ ಇನ್ನೊಂದು ಬಲವಾದ ವಾದ ಇದೆ. ಲಸಿಕೆ ಹಾಕಿಸಿಕೊಳ್ಳದವರು ಜಾಸ್ತಿ ಸಂಖ್ಯೆಯಲ್ಲಿ ಐಸಿಯು ಸೇರುತ್ತಾರೆ. ಹಾಸಿಗೆಗಳು ತುಂಬುತ್ತವೆ. ಹೃದಯಾಘಾತವಾದವರಿಗೆ, ಅಪಘಾತವಾದವರಿಗೆ ಜಾಗ ಸಿಗುವುದಿಲ್ಲ. ಕ್ಯಾನ್ಸರ್ ಆಪರೇಷನ್ ಮುಂದಕ್ಕೆ ಹೋಗುತ್ತದೆ. ಅಂದರೆ ವೈರಸ್ ಹಂಚದೆಯೂ ಬೇರೆಯವರಿಗೆ ಕೆಡುಕು ಮಾಡಬಹುದು.

ಇದಕ್ಕೆ ಎದುರಾಳಿಗಳು ಕೊಡುವ ಉತ್ತರ ಎಲ್ಲರಿಗೂ ಗೊತ್ತಿರುವುದೇ. ಸಿಗರೇಟು ಸೇದುವವರೂ ಕುಡಿಯುವವರೂ ಆಸ್ಪತ್ರೆ ತುಂಬಿಸುತ್ತಾರೆ, ಅವರನ್ನು ಯಾಕೆ ಕೆಲಸದಿಂದ ತೆಗೆಯುವುದಿಲ್ಲ? ಪ್ರಶ್ನೆ ನ್ಯಾಯವಾದದ್ದೇ. ಆದರೆ ಒಂದು ವ್ಯತ್ಯಾಸವಿದೆ. ಸಿಗರೇಟಿನ ಕಾಯಿಲೆಗಳು ವರ್ಷಗಳ ಮೇಲೆ ಹರಡಿಕೊಂಡು ಬರುತ್ತವೆ, ಆಸ್ಪತ್ರೆಗಳು ಅದಕ್ಕೆ ತಯಾರಿ ಮಾಡಿಕೊಳ್ಳಬಹುದು. ಸಾಂಕ್ರಾಮಿಕದ ಅಲೆ ಎರಡು ಮೂರು ವಾರದಲ್ಲಿ ಎಲ್ಲರನ್ನೂ ಒಟ್ಟಿಗೆ ತಂದು ಬಾಗಿಲಲ್ಲಿ ನಿಲ್ಲಿಸುತ್ತದೆ. ಆದ್ದರಿಂದ ನಾನು ಈ ವಾದವನ್ನು ಅರ್ಧ ಒಪ್ಪುತ್ತೇನೆ. ಅಲೆ ಏರುತ್ತಿರುವಾಗ, ಹಾಸಿಗೆ ನಿಜವಾಗಿ ಮುಗಿಯುತ್ತಿರುವಾಗ, ಅಪಾಯ ಜಾಸ್ತಿ ಇರುವ ವಯಸ್ಸಿನವರಿಗೆ ಇದು ಹೊಂದುತ್ತದೆ. ಗ್ರೀಸ್ 60 ದಾಟಿದವರಿಗೆ ಮಾತ್ರ ದಂಡ ಇಟ್ಟದ್ದರ ಹಿಂದೆ ಈ ತರ್ಕ ಕಾಣುತ್ತದೆ. ಐಸಿಯು ಸೇರುವ ಸಂಭವವೇ ತೀರಾ ಕಡಿಮೆ ಇರುವ, ಆರೋಗ್ಯವಾಗಿರುವ 20ರ ಹುಡುಗನಿಗೆ ಇದೇ ವಾದ ಹೇಳಿ ಕಾಲೇಜಿನ ಬಾಗಿಲು ಮುಚ್ಚುವುದು ಹೊಂದುವುದಿಲ್ಲ.

ಸ್ವಾತಂತ್ರ್ಯದ ಮಾತಿನಲ್ಲಿ ಬಿಟ್ಟುಹೋಗುವ ಇನ್ನೊಂದು ಗುಂಪಿದೆ. ಅಂಗಾಂಗ ಕಸಿ ಮಾಡಿಸಿಕೊಂಡವರು, ಕ್ಯಾನ್ಸರಿಗೆ ಕೀಮೋ ತೆಗೆದುಕೊಳ್ಳುತ್ತಿರುವವರು. ಇವರು ಲಸಿಕೆ ಹಾಕಿಸಿಕೊಂಡರೂ ಎಷ್ಟೋ ಸಲ ಮೈ ಸರಿಯಾಗಿ ಸ್ಪಂದಿಸುವುದಿಲ್ಲ. ಸುತ್ತ ಇರುವವರು ಎಚ್ಚರಿಕೆ ತಪ್ಪಿದರೆ ಇವರು ಮನೆಯೊಳಗೇ ಉಳಿಯಬೇಕು. ಬಸ್ಸು ಹತ್ತುವ, ಕೆಲಸಕ್ಕೆ ಹೋಗುವ, ನೆಂಟರನ್ನು ನೋಡುವ ಇವರ ಸ್ವಾತಂತ್ರ್ಯವೂ ಸ್ವಾತಂತ್ರ್ಯವೇ. ನಾನು ಲಸಿಕೆ ಬೇಡ ಎನ್ನುವವರಿಗೆ ಕೇಳುವುದು ಇಷ್ಟು: ಜ್ವರ ಇದ್ದಾಗ ಮನೆಯಲ್ಲಿರಿ, ಪರೀಕ್ಷೆ ಮಾಡಿಸಿ, ಇಂಥವರ ಹತ್ತಿರ ಹೋಗುವಾಗ ಮಾಸ್ಕ್ ಹಾಕಿ. ಸುಳ್ಳು ಸರ್ಟಿಫಿಕೇಟ್ ಮಾತ್ರ ತರಬೇಡಿ. ಸುಳ್ಳು ಕಾಗದ ತೋರಿಸಿ ಒಳಗೆ ಬಂದವರನ್ನು ನಂಬಿ ಪಕ್ಕದಲ್ಲಿ ಕೂತವರು ತಮ್ಮ ಎಚ್ಚರವನ್ನು ಸಡಿಲಿಸಿರುತ್ತಾರೆ.

ಒಂದೇ ದಿನ ಎರಡು ತೀರ್ಪು

2022ರ ಜನವರಿ 13ರಂದು ಅಮೆರಿಕದ ಸುಪ್ರೀಂ ಕೋರ್ಟ್ ಎರಡು ಆದೇಶ ಕೊಟ್ಟಿತು. ಅವೆರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ವಿಷಯ ತಿಳಿಯಾಗುತ್ತದೆ. ಮೊದಲನೆಯದು 100 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಂಪನಿಗಳ ನಿಯಮದ ಬಗ್ಗೆ. ಲಸಿಕೆ, ಇಲ್ಲವೇ ವಾರಕ್ಕೊಮ್ಮೆ ಪರೀಕ್ಷೆ ಮತ್ತು ಮಾಸ್ಕ್. ಸುಮಾರು 8.4 ಕೋಟಿ ಜನರಿಗೆ ಅನ್ವಯಿಸುತ್ತಿದ್ದ ಈ ನಿಯಮವನ್ನು ಕೋರ್ಟ್ 6–3 ಬಹುಮತದಿಂದ ತಡೆಯಿತು. ಕೆಲಸದ ಜಾಗದ ಸುರಕ್ಷತೆ ನೋಡಿಕೊಳ್ಳುವ ಇಲಾಖೆಗೆ ಜನಜೀವನದ ಎಲ್ಲ ಅಪಾಯಗಳನ್ನೂ ನಿಯಂತ್ರಿಸುವ ಅಧಿಕಾರ ಸಂಸತ್ತು ಕೊಟ್ಟಿಲ್ಲ ಎಂಬುದು ಕಾರಣ. ಎರಡನೆಯದು ಸರ್ಕಾರದ ಆರೋಗ್ಯ ಯೋಜನೆಗಳ ಹಣ ಪಡೆಯುವ ಆಸ್ಪತ್ರೆಗಳ ಸಿಬ್ಬಂದಿಗೆ ಲಸಿಕೆ ಕಡ್ಡಾಯ ಮಾಡಿದ ನಿಯಮ. ಅದನ್ನು 5–4 ಬಹುಮತದಿಂದ ಜಾರಿಯಾಗಲು ಬಿಟ್ಟಿತು. ರೋಗಿಗೆ ರೋಗ ಹತ್ತಿಸದಂತೆ ನೋಡಿಕೊಳ್ಳುವುದು ವೈದ್ಯಕೀಯ ವೃತ್ತಿಯ ಮೂಲ ಧರ್ಮ ಎಂಬ ನೆಲೆಯಲ್ಲಿ.

ಕೋರ್ಟು ಇಲ್ಲಿ ನೋಡಿದ್ದು ಮುಖ್ಯವಾಗಿ ಯಾರಿಗೆ ಎಷ್ಟು ಅಧಿಕಾರ ಇದೆ ಎಂಬುದನ್ನು. ಆದರೂ ಸಾಮಾನ್ಯ ಬುದ್ಧಿಗೆ ಹೊಳೆಯುವ ವ್ಯತ್ಯಾಸವೂ ಅಲ್ಲಿದೆ. ಐಸಿಯುನಲ್ಲಿ ಮಲಗಿರುವ ರೋಗಿ ತನ್ನ ನರ್ಸ್ ಯಾರಾಗಬೇಕು ಎಂದು ಆರಿಸಿಕೊಳ್ಳಲಾರ. ಎದ್ದು ದೂರ ಹೋಗಲೂ ಆರ. ಅಂಥವರ ಹತ್ತಿರ ದಿನವಿಡೀ ಇರುವ ಕೆಲಸವನ್ನು ಒಪ್ಪಿಕೊಂಡವರ ಮೇಲೆ ಹೆಚ್ಚಿನ ಹೊಣೆ ಇರುತ್ತದೆ.

ಹಾಗೆಂದು ಇಲ್ಲೂ ಲೆಕ್ಕ ಸುಲಭವಲ್ಲ. ಇಂಗ್ಲೆಂಡ್‌ನಲ್ಲಿ ವೃದ್ಧರ ಆರೈಕೆ ಕೇಂದ್ರಗಳ ಸಿಬ್ಬಂದಿಗೆ 2021ರ ನವೆಂಬರ್ 11ರಿಂದ ಲಸಿಕೆ ಕಡ್ಡಾಯವಾಯಿತು. ಒಪ್ಪದವರು ಕೆಲಸ ಬಿಟ್ಟರು. ಮೊದಲೇ ಕೈ ಸಾಲದ ಕೇಂದ್ರಗಳಲ್ಲಿ ಇನ್ನಷ್ಟು ಕೊರತೆಯಾಯಿತು. 2022ರ ಮಾರ್ಚ್ 15ರಂದು ನಿಯಮವನ್ನು ವಾಪಸ್ ಪಡೆದರು. ಯಾರನ್ನು ಕಾಪಾಡಲು ನಿಯಮ ಮಾಡಿದರೋ ಆ ಹಿರಿಯರಿಗೆ ಹೊತ್ತಿಗೆ ಸರಿಯಾಗಿ ಸ್ನಾನ ಮಾಡಿಸಲು, ಮಗ್ಗುಲು ಹೊರಳಿಸಲು ಜನ ಇಲ್ಲದಂತಾದರೆ ಅದೂ ಒಂದು ಕೆಡುಕೇ. ನಿಯಮ ಮಾಡುವಾಗ ಇದನ್ನೂ ತಕ್ಕಡಿಗೆ ಹಾಕಬೇಕು.

ಕಡಿಮೆ ನೋವಿನ ದಾರಿ ಇದ್ದರೆ ಅದನ್ನೇ ಹಿಡಿಯಬೇಕು ಎಂಬ ತತ್ವ ಬರುವುದು ಇಲ್ಲಿ. 2021ರ ಜುಲೈ 1ರಿಂದ ಜಾರಿಯಾದ ಯುರೋಪಿಯನ್ ಒಕ್ಕೂಟದ ಪ್ರಮಾಣಪತ್ರ ಲಸಿಕೆಯ ಜೊತೆಗೆ ನೆಗೆಟಿವ್ ವರದಿಯನ್ನೂ, ಆರು ತಿಂಗಳ ಒಳಗೆ ರೋಗ ಬಂದು ವಾಸಿಯಾದದ್ದನ್ನೂ ಒಪ್ಪುತ್ತಿತ್ತು. ಒಂದೇ ಗುರಿಗೆ ಮೂರು ಬಾಗಿಲು. ರೋಗ ಬಂದು ಹೋದವರಿಗೂ ಒಂದಷ್ಟು ಶಕ್ತಿ ಇರುತ್ತದೆ ಎಂಬುದು ಗೊತ್ತಿದ್ದರೂ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ನಿಯಮಗಳು ಹಲವು ಕಡೆ ಇದ್ದವು. ಅಂಥ ಕಡೆ, ಇವರಿಗೆ ಬೇಕಿರುವುದು ರೋಗ ತಡೆಯುವುದೋ ಮಾತು ಕೇಳಿಸುವುದೋ ಎಂಬ ಅನುಮಾನ ಜನರಲ್ಲಿ ಹುಟ್ಟಿದರೆ ಅವರನ್ನು ದೂರುವಂತಿಲ್ಲ.

ಭಾರತದ ಸುಪ್ರೀಂ ಕೋರ್ಟ್ ಕೇಳಿದ ಪ್ರಶ್ನೆ

ಭಾರತದಲ್ಲಿ ಕೇಂದ್ರ ಸರ್ಕಾರ ಕೊರೊನಾ ಲಸಿಕೆ ಸ್ವಇಚ್ಛೆಯದ್ದು ಎಂದೇ ಹೇಳುತ್ತಿತ್ತು. ಆದರೆ ಕೆಲವು ರಾಜ್ಯಗಳು, ಖಾಸಗಿ ಸಂಸ್ಥೆಗಳು ಲಸಿಕೆ ಇಲ್ಲದವರಿಗೆ ಪ್ರವೇಶ ಇಲ್ಲ, ಸೌಲಭ್ಯ ಇಲ್ಲ ಎಂದು ನಿಯಮ ಮಾಡಿದವು. 2021ರ ಜೂನ್‌ನಲ್ಲಿಯೇ ಮೇಘಾಲಯ ಹೈಕೋರ್ಟ್, ಲಸಿಕೆ ಹಾಕಿಸಿಕೊಳ್ಳದೆ ಅಂಗಡಿ ತೆರೆಯುವಂತಿಲ್ಲ, ಗಾಡಿ ಓಡಿಸುವಂತಿಲ್ಲ ಎಂಬ ಆದೇಶಗಳನ್ನು ಪ್ರಶ್ನಿಸಿತ್ತು. ಸುಪ್ರೀಂ ಕೋರ್ಟಿನ ದೊಡ್ಡ ತೀರ್ಪು ಬಂದದ್ದು 2022ರ ಮೇ 2ರಂದು, ಡಾ. ಜೇಕಬ್ ಪುಲಿಯೇಲ್ ಎಂಬ ಮಕ್ಕಳ ವೈದ್ಯರು ಹೂಡಿದ್ದ ಮೊಕದ್ದಮೆಯಲ್ಲಿ. ನ್ಯಾಯಮೂರ್ತಿಗಳಾದ ಎಲ್. ನಾಗೇಶ್ವರ ರಾವ್ ಮತ್ತು ಬಿ.ಆರ್. ಗವಾಯಿ ಅವರ ಪೀಠ.

ಸಂವಿಧಾನದ 21ನೇ ವಿಧಿಯಲ್ಲಿ ನಮ್ಮ ಮೈಯ ಮೇಲಿನ ನಮ್ಮ ಹಕ್ಕೂ ಸೇರಿದೆ, ಯಾರನ್ನೂ ಬಲವಂತ ಮಾಡಿ ಲಸಿಕೆ ಹಾಕುವಂತಿಲ್ಲ ಎಂದು ಪೀಠ ಹೇಳಿತು. ಅಲ್ಲಿಗೇ ನಿಲ್ಲಲಿಲ್ಲ. ಸಾರ್ವಜನಿಕ ಆರೋಗ್ಯಕ್ಕಾಗಿ ಸರ್ಕಾರ ವ್ಯಕ್ತಿಯ ಹಕ್ಕಿಗೆ ಮಿತಿ ಹಾಕಬಹುದು, ಆದರೆ ಆ ಮಿತಿ 2017ರ ಖಾಸಗಿತನದ ತೀರ್ಪಿನಲ್ಲಿ ಹೇಳಿದ ಮೂರು ಪರೀಕ್ಷೆ ದಾಟಬೇಕು ಎಂದಿತು. ಅದಕ್ಕೆ ಕಾನೂನಿನ ಆಧಾರ ಇರಬೇಕು. ನಿಜವಾದ ಅಗತ್ಯ ಇರಬೇಕು. ಅಗತ್ಯ ಎಷ್ಟೋ ನಿರ್ಬಂಧವೂ ಅಷ್ಟೇ ಇರಬೇಕು.

ಆಮೇಲೆ ಪೀಠ ಕೇಳಿದ ಪ್ರಶ್ನೆ ನನಗೆ ಬಹಳ ಇಷ್ಟವಾದದ್ದು. ಲಸಿಕೆ ಹಾಕಿಸಿಕೊಳ್ಳದವರಿಂದ ರೋಗ ಹರಡುವ ಅಪಾಯ ಹಾಕಿಸಿಕೊಂಡವರಿಗಿಂತ ಹೆಚ್ಚು ಎಂದು ತೋರಿಸುವ ದತ್ತಾಂಶ ಎಲ್ಲಿದೆ? ಅಂಥದ್ದನ್ನು ಯಾವ ರಾಜ್ಯವೂ ಮುಂದಿಡಲಿಲ್ಲ. ಹಾಗಾಗಿ ಸೋಂಕು ಕಡಿಮೆ ಇರುವ ತನಕ ಇಂಥ ನಿರ್ಬಂಧಗಳು ಅಳತೆ ಮೀರಿದವು, ಹಾಕಿದ್ದರೆ ಮರುಪರಿಶೀಲಿಸಿ ಎಂದಿತು. ಲಸಿಕೆ ನೀತಿ ತಪ್ಪು ಎಂದು ಅದು ಹೇಳಲಿಲ್ಲ. ಎಂದೆಂದಿಗೂ ಕಡ್ಡಾಯ ಮಾಡಬಾರದು ಎಂದೂ ಹೇಳಲಿಲ್ಲ. ಒತ್ತಾಯ ಮಾಡುವವರೇ ಕಾರಣ ತೋರಿಸಬೇಕು ಎಂದಿತು. ಲಸಿಕೆಯ ನಂತರ ಆದ ತೊಂದರೆಗಳ ವರದಿಗಳನ್ನು, ಜನರ ಖಾಸಗಿ ವಿವರ ಹೊರಬೀಳದಂತೆ, ಎಲ್ಲರಿಗೂ ಸಿಗುವ ಹಾಗೆ ಪ್ರಕಟಿಸಿ ಎಂದೂ ಸರ್ಕಾರಕ್ಕೆ ಸೂಚಿಸಿತು.

ಕಾರಣ ತೋರಿಸಿ ಎಂದು ಕೇಳುವುದು ಯಾಕೆ ಮುಖ್ಯ ಎಂಬುದಕ್ಕೆ ಇತಿಹಾಸದಲ್ಲಿ ಕರಾಳ ಸಾಕ್ಷಿ ಇದೆ. ಜೇಕಬ್ಸನ್ ತೀರ್ಪು ಬಂದು 22 ವರ್ಷದ ನಂತರ, 1927ರಲ್ಲಿ, ಕ್ಯಾರಿ ಬಕ್ ಎಂಬ ಯುವತಿಗೆ ಅವಳ ಇಷ್ಟಕ್ಕೆ ವಿರುದ್ಧವಾಗಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಲು ಅದೇ ಅಮೆರಿಕದ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟಿತು. ಅವಳು 'ಬುದ್ಧಿಮಾಂದ್ಯಳು' ಎಂಬ ಹಣೆಪಟ್ಟಿ ಹಚ್ಚಿದ್ದರು. ಲಸಿಕೆಯನ್ನು ಕಡ್ಡಾಯ ಮಾಡುವ ತತ್ವ ಇದಕ್ಕೂ ಸಾಕು ಎಂದು ನ್ಯಾಯಮೂರ್ತಿ ಹೋಮ್ಸ್ ಬರೆದರು. ಆಧಾರಕ್ಕೆ ಕೊಟ್ಟದ್ದು ಜೇಕಬ್ಸನ್ ತೀರ್ಪನ್ನು. ಐದು ಡಾಲರ್ ದಂಡದ ತೀರ್ಪು ಒಬ್ಬ ಹೆಣ್ಣಿನ ಗರ್ಭದವರೆಗೆ ಹೋಯಿತು. ಭಾರತದಲ್ಲಿ ತುರ್ತು ಪರಿಸ್ಥಿತಿಯ ಕಾಲದ ಬಲವಂತದ ಸಂತಾನಹರಣವೂ ಜನಹಿತದ ಹೆಸರಿನಲ್ಲೇ ನಡೆದದ್ದು. ಮೈಯ ಮೇಲೆ ಕೈಯಿಡುವ ಅಧಿಕಾರಕ್ಕೆ ಗಡಿ ಹಾಕದೆ ಬಿಟ್ಟರೆ ಅದು ಮೊದಲು ತಟ್ಟುವುದು ಬಡವರಿಗೆ ಮತ್ತು ದನಿ ಇಲ್ಲದವರಿಗೆ.

ಒತ್ತಾಯ ಮಾಡಿದವರ ಹೊಣೆ

ಯಾವ ಲಸಿಕೆಯೂ ನೂರಕ್ಕೆ ನೂರು ನಿರಪಾಯವಲ್ಲ. ಆಸ್ಟ್ರಾಜೆನೆಕಾ ಲಸಿಕೆ ಪಡೆದವರಲ್ಲಿ ಬಹಳ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುವ, ಜೊತೆಗೇ ಪ್ಲೇಟ್‌ಲೆಟ್ ಇಳಿಯುವ ತೊಂದರೆ ಕಂಡಿತು. 2021ರ ಏಪ್ರಿಲ್‌ನಲ್ಲಿ ಡೆನ್ಮಾರ್ಕ್ ಅದನ್ನು ಕೊಡುವುದನ್ನೇ ನಿಲ್ಲಿಸಿತು. ಎಂಆರ್‌ಎನ್‌ಎ ಲಸಿಕೆ (ಫೈಜರ್, ಮಾಡರ್ನಾ ಬಗೆಯದು) ಪಡೆದ ಯುವಕರಲ್ಲಿ ಕೆಲವರಿಗೆ ಹೃದಯದ ಸ್ನಾಯುವಿನ ಉರಿಯೂತ ಬಂತು. ಲಸಿಕೆ ಉಳಿಸಿದ ಜೀವಗಳ ಮುಂದೆ ಈ ಸಂಖ್ಯೆ ಬಹಳ ಚಿಕ್ಕದು. ಆದರೆ ತೊಂದರೆಗೆ ಸಿಕ್ಕಿದ ಮನೆಗೆ ಸಂಖ್ಯೆಯ ಸಮಾಧಾನ ಸಾಲದು. ಎಲ್ಲರ ಒಳ್ಳೆಯದಕ್ಕೆ ಎಂದು ಹೇಳಿ ತೋಳು ಮುಂದೆ ಚಾಚಿಸಿದ ಮೇಲೆ, ಕೆಟ್ಟದ್ದಾದರೆ ಎಲ್ಲರೂ ಸೇರಿ ಹೊರಬೇಕು ಎಂಬುದು ನ್ಯಾಯ. ತೊಂದರೆಯನ್ನು ಮುಚ್ಚಿಟ್ಟರೆ ಮುಂದಿನ ಸಲ ನಿಜ ಹೇಳಿದರೂ ಯಾರೂ ನಂಬುವುದಿಲ್ಲ.

ಈ ನ್ಯಾಯವನ್ನು ಕಾನೂನು ಮಾಡಿದ ದೇಶಗಳಿವೆ. ಅಮೆರಿಕ 1986ರಲ್ಲಿ ಮಕ್ಕಳ ಲಸಿಕೆಗಳಿಗೆ, ಯಾರ ತಪ್ಪು ಎಂದು ಸಾಬೀತು ಮಾಡದೆಯೇ ಪರಿಹಾರ ಸಿಗುವ ಕಾನೂನು ತಂದಿತು. ಬ್ರಿಟನ್ನಿನಲ್ಲಿ 1979ರಿಂದಲೇ ಇದೆ. ಅಲ್ಲಿ ಒಂದೇ ಕಂತಿನಲ್ಲಿ 1,20,000 ಪೌಂಡ್ ಕೊಡುತ್ತಾರೆ. ಆದರೆ ಲಸಿಕೆಯಿಂದ ಆದ ಊನ ಶೇ 60 ಇರಲೇಬೇಕು. ಶೇ 55 ಊನವಾದವರಿಗೆ ಏನೂ ಇಲ್ಲ. ಕೊರೊನಾ ಲಸಿಕೆಯಿಂದ ತೊಂದರೆಯಾದ ಕುಟುಂಬಗಳು ಈ ಗೆರೆಯ ವಿರುದ್ಧ ದನಿ ಎತ್ತಿವೆ. ಅವರಲ್ಲಿ ಎಷ್ಟೋ ಜನ ಲಸಿಕೆಯ ವಿರೋಧಿಗಳಲ್ಲ, ಹೇಳಿದ ಹೊತ್ತಿಗೆ ಸರದಿಯಲ್ಲಿ ನಿಂತು ಹಾಕಿಸಿಕೊಂಡವರು.

ಮುಂದಿನ ಸಾಂಕ್ರಾಮಿಕದ ಹೊತ್ತಿಗೆ ಈ ನಿಯಮಗಳನ್ನು ಯಾರು ಬರೆಯಬೇಕು? 2025ರ ಮೇ 20ರಂದು ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳು ಒಪ್ಪಿಕೊಂಡ ಸಾಂಕ್ರಾಮಿಕ ಒಪ್ಪಂದದಲ್ಲಿ ಇದಕ್ಕೆ ಉತ್ತರವಿದೆ. ಯಾವ ದೇಶಕ್ಕೂ ಲಸಿಕೆ ಕಡ್ಡಾಯ ಮಾಡಿ ಎಂದು ಆದೇಶಿಸುವ ಅಧಿಕಾರ ಸಂಸ್ಥೆಗೆ ಇಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಅಂದರೆ ಕೆಲಸ ಆಯಾ ದೇಶದ ಶಾಸನಸಭೆಯದ್ದು. ಭಾರತದಲ್ಲಿ ಈಗಲೂ ಕೈಯಲ್ಲಿರುವುದು 1897ರಲ್ಲಿ ಮುಂಬೈ ಪ್ರಾಂತ್ಯದ ಪ್ಲೇಗ್ ಸಮಯದಲ್ಲಿ ಬ್ರಿಟಿಷರು ತಂದ ಸಾಂಕ್ರಾಮಿಕ ರೋಗಗಳ ಕಾಯ್ದೆ. ಅಗತ್ಯ ಕಂಡ ಕ್ರಮ ತೆಗೆದುಕೊಳ್ಳಬಹುದು ಎಂದು ಅದು ಸರ್ಕಾರಕ್ಕೆ ಹೇಳುತ್ತದೆ. ಸದುದ್ದೇಶದಿಂದ ಕ್ರಮ ತೆಗೆದುಕೊಂಡ ಅಧಿಕಾರಿಗಳ ಮೇಲೆ ಮೊಕದ್ದಮೆ ಹೂಡುವಂತಿಲ್ಲ ಎನ್ನುತ್ತದೆ. 2020ರಲ್ಲಿ ತಿದ್ದುಪಡಿಯಾದಾಗ ಆರೋಗ್ಯ ಸಿಬ್ಬಂದಿಯ ಮೇಲಿನ ಹಲ್ಲೆಗೆ ಶಿಕ್ಷೆ ಸೇರಿತು. ನಿರ್ಬಂಧ ಎಷ್ಟು ದಿನ, ಯಾವ ದತ್ತಾಂಶದ ಮೇಲೆ, ಯಾರು ಪರಿಶೀಲಿಸಬೇಕು, ತೊಂದರೆಯಾದವರಿಗೆ ಪರಿಹಾರ ಏನು, ಇದು ಯಾವುದೂ ಅದರಲ್ಲಿಲ್ಲ. ಈ ಕಾಯ್ದೆಯಲ್ಲಿ ಕೊರತೆಗಳಿವೆ, ತಿದ್ದಿ ಇಲ್ಲವೇ ಹೊಸದು ತನ್ನಿ ಎಂದು ಕಾನೂನು ಆಯೋಗ 2024ರ ಫೆಬ್ರವರಿಯಲ್ಲಿ ಕೊಟ್ಟ ತನ್ನ 286ನೇ ವರದಿಯಲ್ಲಿ ಹೇಳಿದೆ. ಆ ಕೆಲಸಕ್ಕೆ ಸರಿಯಾದ ಸಮಯ, ಯಾವ ಅಲೆಯೂ ಇಲ್ಲದ, ಯಾರೂ ಹೆದರಿರದ ಇಂಥ ದಿನಗಳೇ.